ಟರ್ಬೊ ಕಾರಿನ ಆಯಿಲ್ ಲ್ಯಾಬ್‌ಗೆ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರು ಇಟ್ಟುಕೊಂಡವರು ಇಬ್ಬರು ಸೇರಿದರೆ ಮಾತು ಮೈಲೇಜಿನಿಂದ ಶುರುವಾಗಿ ಆಯಿಲ್‌ಗೆ ಬಂದು ನಿಲ್ಲುತ್ತದೆ. ಯಾವ ಬ್ರ್ಯಾಂಡ್ ಒಳ್ಳೆಯದು, 30 ಗ್ರೇಡ್ ಹಾಕಬೇಕಾ ಇನ್ನೂ ಮಂದದ 40 ಹಾಕಬೇಕಾ, ಲ್ಯಾಬ್‌ಗೆ ಕಳಿಸಿದರೆ ಎಲ್ಲ ಗೊತ್ತಾಗುತ್ತದಂತಲ್ಲ, ನಿಜಾನಾ? ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಶುರುವಿಗೆ

ಆಯಿಲ್ ಕಪ್ಪಗಾಗಿದೆ. ಇನ್ನು ಟೆಸ್ಟ್ ಯಾಕೆ ಸಾರ್, ಬದಲಾಯಿಸಿದರೆ ಆಯ್ತಲ್ಲ?

ಬಣ್ಣ ನೋಡಿ ಆಯಿಲ್ ಹಾಳಾಗಿದೆ ಅನ್ನಲು ಬರುವುದಿಲ್ಲ. ಡೀಸೆಲ್ ಎಂಜಿನ್‌ಗೆ ಹೊಸ ಆಯಿಲ್ ಹಾಕಿ ಹತ್ತು ನಿಮಿಷ ಓಡಿಸಿದರೂ ಅದು ಕಪ್ಪಾಗುತ್ತದೆ. ಡೈರೆಕ್ಟ್ ಇಂಜೆಕ್ಷನ್ ಇರುವ, ಅಂದರೆ ಇಂಧನವನ್ನು ನೇರ ಸಿಲಿಂಡರಿಗೇ ಹಾಯಿಸುವ ಪೆಟ್ರೋಲ್ ಎಂಜಿನ್‌ನಲ್ಲೂ ಮಸಿ ಹುಟ್ಟುತ್ತದೆ. ಆ ಮಸಿಯನ್ನು ಎಲ್ಲೂ ಅಂಟಿಕೊಳ್ಳಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಕಪ್ಪಾಗಿದೆ ಅಂದರೆ ಎಷ್ಟೋ ಸಲ ಅದು ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಎರಡು ಬೆರಳ ನಡುವೆ ಉಜ್ಜಿ ನೋಡಿ 'ಜೀವ ಹೋಗಿದೆ' ಅನ್ನುವ ಮೆಕ್ಯಾನಿಕ್‌ಗಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಆಯಿಲ್‌ನಲ್ಲಿ ನೂರಕ್ಕೆ ನಾಲ್ಕು ಪಾಲು ಪೆಟ್ರೋಲ್ ಬೆರೆತಿದೆ ಅಂತ ಯಾವ ಬೆರಳೂ ಹೇಳಲಾರದು.

ಲ್ಯಾಬಿನವರು ಅದರಲ್ಲಿ ಏನು ನೋಡ್ತಾರೆ?

ಮುಖ್ಯವಾಗಿ ಐದು ವಿಷಯ. ಸವೆದು ಬಂದ ಲೋಹ ಎಷ್ಟು, ಆಯಿಲ್ ಎಷ್ಟು ಮಂದವಾಗಿ ಉಳಿದಿದೆ, ಇಂಧನ ಎಷ್ಟು ಬೆರೆತಿದೆ, ಕೂಲೆಂಟ್ ಅಥವಾ ನೀರು ಸೇರಿದೆಯಾ, ಆಯಿಲ್ ತಾನೇ ಎಷ್ಟು ಹಳಸಿದೆ.

ಲೋಹಗಳಿಗೆ ಸ್ಪೆಕ್ಟ್ರೋಮೀಟರ್ ಬಳಸುತ್ತಾರೆ. ಸ್ಯಾಂಪಲನ್ನು ಭಯಂಕರ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಗೆ ಬಿಡುತ್ತಾರೆ. ಒಂದೊಂದು ಲೋಹ ತನ್ನದೇ ಬಣ್ಣದ ಬೆಳಕು ಬಿಡುತ್ತದೆ. ಬೆಳಕಿನ ಪ್ರಮಾಣದ ಮೇಲೆ ಲೋಹದ ಲೆಕ್ಕ. ಉತ್ತರ ಬರುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅಂತ.

ಇದು ಕಾರಿನವರು ಕಂಡುಹಿಡಿದ ವಿದ್ಯೆ ಅಲ್ಲ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ರೈಲ್ವೆ ತನ್ನ ಡೀಸೆಲ್ ಎಂಜಿನ್‌ಗಳ ಆಯಿಲನ್ನು ಹೀಗೆ ಪರೀಕ್ಷಿಸಲು ಶುರು ಮಾಡಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಿಗೂ ಇದು ಹಳೆಯ ಅಭ್ಯಾಸ. ಜೆಸಿಬಿ, ಟಿಪ್ಪರ್, ಜನರೇಟರ್ ಇಟ್ಟುಕೊಂಡವರಿಗೂ ಇದು ಗೊತ್ತು. ಕಾರಿನವರು ತಡವಾಗಿ ಬಂದ ನೆಂಟರು.

ಟರ್ಬೊ ಇದ್ದರೆ ಆಯಿಲ್‌ಗೆ ಅಂಥ ಕಷ್ಟ ಏನು?

ಸಣ್ಣ ಟರ್ಬೊದ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ, ಅಷ್ಟೇ. ಶಾಫ್ಟಿನ ಒಂದು ತುದಿಯಲ್ಲಿ ತಣ್ಣನೆ ಗಾಳಿ, ಇನ್ನೊಂದು ತುದಿಯಲ್ಲಿ 900 ಡಿಗ್ರಿ ದಾಟುವ ಹೊಗೆ. ಇದು ಪೆಟ್ರೋಲ್ ಎಂಜಿನ್ ಜೋರಾಗಿ ದುಡಿಯುವಾಗಿನ ಮಾತು.

ಅದರ ಜೊತೆಗೆ ಎಂಜಿನ್ ಚಿಕ್ಕದು, ಆಯಿಲ್ ಕಡಿಮೆ. ಒಂದು ಲೀಟರಿನ ಎಂಜಿನ್‌ನಿಂದ ನೂರರ ಮೇಲೆ ಕುದುರೆಶಕ್ತಿ ಹಿಂಡುತ್ತಾರೆ. ಡೈರೆಕ್ಟ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ನೇರವಾಗಿ ಸಿಲಿಂಡರಿನ ಗೋಡೆಗೆ ಬಡಿದು, ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಹಾಗಾಗಿ ಟರ್ಬೊ ಕಾರಿನ ರಿಪೋರ್ಟ್‌ನಲ್ಲಿ ನಾನು ಮೊದಲು ಲೋಹ ನೋಡುವುದಿಲ್ಲ. ಇಂಧನ ಮತ್ತು ವಿಸ್ಕಾಸಿಟಿ, ಅಂದರೆ ಆಯಿಲ್‌ನ ಮಂದತೆ, ನೋಡುತ್ತೇನೆ.

ಡೀಸೆಲ್ ಟರ್ಬೊಗೂ ಇದೇ ಥರ ಓದಬಹುದಾ?

ಪೂರ್ತಿ ಅಲ್ಲ. ಡೀಸೆಲ್‌ನಲ್ಲಿ ಮಸಿಯ ಸಾಲು ಮುಖ್ಯ. ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಸೇರಿಕೊಂಡಿತು. ಅದರಲ್ಲಿ ಕೂತ ಮಸಿಯನ್ನು ಸುಡಲು ಎಷ್ಟೋ ಕಾರುಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಹಾಯಿಸುತ್ತವೆ. ಅದರಲ್ಲಿ ಸ್ವಲ್ಪ ಆಯಿಲ್‌ಗೆ ಇಳಿಯುತ್ತದೆ. ಪೆಟ್ರೋಲ್ ಬಿಸಿಯಾದರೆ ಆವಿಯಾಗಿ ಹೋಗುತ್ತದೆ. ಡೀಸೆಲ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಾ ಬಂದರೆ ಖುಷಿಪಡಬೇಡಿ. ಅದು ಡೀಸೆಲ್.

## ಸ್ಯಾಂಪಲ್ ತೆಗೆಯುವಾಗ

ಸ್ಯಾಂಪಲ್ ತೆಗೆಯೋದು ಹೇಗೆ? ಸರ್ವಿಸ್ ಸೆಂಟರಿನವರು ಕೊಡ್ತಾರಾ?

ಕೇಳಿದರೆ ಕೊಡುತ್ತಾರೆ, ಆದರೆ ಪಕ್ಕದಲ್ಲೇ ನಿಂತಿರಿ. ಎಂಜಿನ್ ಬಿಸಿ ಇರಬೇಕು. ಡ್ರೇನ್ ಪ್ಲಗ್ ಬಿಚ್ಚಿದಾಗ ಮೊದಲು ಸುರಿಯುವುದು ಬೇಡ, ಕೊನೆಗೆ ತೊಟ್ಟಿಕ್ಕುವುದೂ ಬೇಡ. ನಡುವೆ ಹಿಡಿಯಿರಿ. ನೂರು ಎಂಎಲ್ ಸುತ್ತಮುತ್ತ ಸಾಕು. ಡಿಪ್‌ಸ್ಟಿಕ್ ಕೊಳವೆಯಿಂದ ಪಂಪ್ ಹಾಕಿ ಎಳೆದರೂ ಆಗುತ್ತದೆ. ಕೆಳಗಿಟ್ಟ ಟ್ರೇನಿಂದ ಮಾತ್ರ ಎತ್ತಬೇಡಿ. ಅದರಲ್ಲಿ ಹಿಂದಿನ ಹತ್ತು ಕಾರಿನ ಕತೆ ಇರುತ್ತದೆ.

ಬಾಟಲಿ ಲ್ಯಾಬಿನವರು ಕೊಟ್ಟದ್ದೇ ಆಗಿರಲಿ. ನಾನು ಮೊದಲ ಸಲ ಜಾಣತನ ಮಾಡಿ ಮನೆಯ ಬಾಟಲಿಯನ್ನು ಸೋಪು ಹಾಕಿ ತೊಳೆದು ಬಳಸಿದೆ. ಸೋಡಿಯಂ ಜಾಸ್ತಿ ಬಂತು. ಸೋಡಿಯಂ ಜಾಸ್ತಿ ಅಂದರೆ ಕೂಲೆಂಟ್ ಸೋರಿರಬಹುದು ಅಂತ ಓದಿದ್ದೆ. ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತು ಅಂದುಕೊಂಡು ಒಂದು ವಾರ ನಿದ್ದೆ ಇಲ್ಲ. ಮುಂದಿನ ಸಲ ಸರಿಯಾದ ಬಾಟಲಿಯಲ್ಲಿ ಕಳಿಸಿದರೆ ಸೋಡಿಯಂ ಇಲ್ಲವೇ ಇಲ್ಲ.

ಲೇಬಲ್ ಮೇಲೆ ಕಾರು ಓಡಿದ ಕಿ.ಮೀ., ಆ ಆಯಿಲ್ ಓಡಿದ ಕಿ.ಮೀ., ನಡುವೆ ಎಷ್ಟು ಟಾಪ್ ಅಪ್ ಮಾಡಿದಿರಿ, ಆಯಿಲ್‌ನ ಪೂರ್ತಿ ಹೆಸರು ಮತ್ತು ಗ್ರೇಡ್ ಬರೆಯಿರಿ. ಸಾಧ್ಯವಾದರೆ ಅದೇ ಡಬ್ಬದ ಹೊಸ ಆಯಿಲನ್ನೂ ಒಮ್ಮೆ ಟೆಸ್ಟ್ ಮಾಡಿಸಿ. ಶುರುವಿನಲ್ಲಿ ಎಷ್ಟಿತ್ತು ಅಂತ ಗೊತ್ತಿಲ್ಲದೆ ಎಷ್ಟು ಇಳಿಯಿತು ಅಂತ ಹೇಳುವುದು ಹೇಗೆ?

ಊರಿಗೆ ಹೋಗಿ ಬಂದ ಮರುದಿನ ಸ್ಯಾಂಪಲ್ ತೆಗೆದೆ. ಪರವಾಗಿಲ್ವಾ?

ಲೋಹದ ಲೆಕ್ಕಕ್ಕೆ ಪರವಾಗಿಲ್ಲ. ಇಂಧನದ ಲೆಕ್ಕಕ್ಕೆ ಮೋಸ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದೇ ಸಮ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು, ಬೆರೆತ ಪೆಟ್ರೋಲಿನ ಬಹುಪಾಲು ಆವಿಯಾಗಿ ಹೋಗಿರುತ್ತದೆ. ರಿಪೋರ್ಟ್ ಸ್ವಚ್ಛವಾಗಿ ಬರುತ್ತದೆ. ಅದೇ ಕಾರು ಒಂದು ವಾರ ಮನೆಯಿಂದ ಮಕ್ಕಳ ಸ್ಕೂಲಿಗೆ, ಅಲ್ಲಿಂದ ಮನೆಗೆ ಅಂತ ಮೂರು ಮೂರು ಕಿ.ಮೀ. ಓಡಾಡಿದ ಮೇಲೆ ತೆಗೆದರೆ ಕತೆಯೇ ಬೇರೆ. ನಿಮ್ಮ ಕಾರು ವರ್ಷದ ಹೆಚ್ಚಿನ ದಿನ ಹೇಗೆ ಓಡುತ್ತದೋ ಹಾಗೆ ಓಡಿದ ಮೇಲೆ ತೆಗೆಯಿರಿ.

ಹೊಸ ಕಾರು. ಮೊದಲ ಸರ್ವಿಸಿನ ಆಯಿಲ್ ಕಳಿಸಿದ್ದೆ, ಸಿಲಿಕಾನ್ ತಾಮ್ರ ಎಲ್ಲ ಕೆಂಪು ಗುರುತಿನಲ್ಲಿ ಬಂದಿದೆ. ಕಂಪ್ಲೇಂಟ್ ಕೊಡಲಾ?

ಬೇಡ. ಹೊಸ ಎಂಜಿನ್‌ನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹ ಬಿಡುತ್ತವೆ. ಜೋಡಿಸುವಾಗ ಹಚ್ಚಿದ ಸಿಲಿಕೋನ್ ಪೇಸ್ಟ್‌ನಿಂದ ಸಿಲಿಕಾನ್ ಬರುತ್ತದೆ. ಆಯಿಲ್ ಕೂಲರ್‌ನಿಂದ ತಾಮ್ರ ಕರಗಿ ಬರುತ್ತದೆ. ಎರಡು ಮೂರು ಬದಲಾವಣೆಯಲ್ಲಿ ಇಳಿಯುತ್ತದೆ. ಮೊದಲ ರಿಪೋರ್ಟ್ ಇಟ್ಟುಕೊಂಡು ಆಯಿಲ್ ಬ್ರ್ಯಾಂಡನ್ನು ಬೈಯುವುದು ಅನ್ಯಾಯ.

## ರಿಪೋರ್ಟ್ ಕೈಗೆ ಬಂದ ಮೇಲೆ

ಕಬ್ಬಿಣ 22 ಅಂತ ಇದೆ. ಫ್ರೆಂಡ್‌ಗೆ 15 ಬಂದಿದೆ. ನನ್ನ ಎಂಜಿನ್ ಸವೀತಿದೆಯಾ?

ಎಷ್ಟು ಕಿ.ಮೀ.ಗೆ 22? ನಿಮ್ಮದು 10,000 ಕಿ.ಮೀ., ಅವರದು 5,000 ಆಗಿದ್ದರೆ ಸಾವಿರಕ್ಕೆ ನಿಮ್ಮದು 2.2, ಅವರದು 3. ಆದರೂ ಗೆದ್ದೆ ಅಂದುಕೊಳ್ಳಬೇಡಿ. ಹೊಸ ಆಯಿಲ್ ಹಾಕಿದ ಶುರುವಿನಲ್ಲಿ ಲೋಹ ತುಸು ಬೇಗ ಏರಿ ಆಮೇಲೆ ನಿಧಾನವಾಗುತ್ತದೆ. ಬದಲಾಯಿಸುವಾಗ ಒಳಗೆ ಉಳಿದ ಹಳೆ ಆಯಿಲ್ ಕೂಡ ಲೆಕ್ಕಕ್ಕೆ ಸೇರುತ್ತದೆ. ನಡುವೆ ಒಂದು ಲೀಟರ್ ಟಾಪ್ ಅಪ್ ಮಾಡಿದ್ದರೆ ಆಯಿಲ್ ತಿಳಿಯಾಗಿ ನಂಬರ್ ಕಡಿಮೆ ಕಾಣುತ್ತದೆ.

ಕಿ.ಮೀ. ಲೆಕ್ಕವೂ ಪೂರ್ತಿ ಸರಿಯಲ್ಲ. ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಕಾರಿನ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಅಂತ ಇಟ್ಟುಕೊಳ್ಳಿ. 10,000 ಕಿ.ಮೀ. ಆಗಲು ಎಂಜಿನ್ 500 ಗಂಟೆ ಓಡಬೇಕು. ಹೈವೇಯಲ್ಲಿ 60ರ ಸರಾಸರಿಗೆ 167 ಗಂಟೆ ಸಾಕು. ಓಡೋಮೀಟರ್ ಒಂದೇ, ದುಡಿಮೆ ಮೂರು ಪಟ್ಟು. ಇನ್ನೊಬ್ಬರ ಕಾರಿನ ಜೊತೆ ಹೋಲಿಸುವ ಬದಲು ನಿಮ್ಮದೇ ಹಿಂದಿನ ರಿಪೋರ್ಟ್ ಜೊತೆ ಹೋಲಿಸಿ. ಮೂರು ರಿಪೋರ್ಟ್ ಆದರೆ ಒಂದು ಗೆರೆ ಎಳೆಯಬಹುದು. ಆ ಗೆರೆ ಏಕಾಏಕಿ ಮೇಲೆದ್ದರೆ ಆಗ ಯೋಚಿಸಿ.

ಯಾವ ಲೋಹ ಯಾವ ಪಾರ್ಟ್‌ನಿಂದ ಬರುತ್ತೆ?

ಕಬ್ಬಿಣ ಎಲ್ಲೆಡೆಯಿಂದ: ಸಿಲಿಂಡರ್, ಕ್ರ್ಯಾಂಕ್, ಕ್ಯಾಮ್, ಟೈಮಿಂಗ್ ಚೈನ್, ಟರ್ಬೊ ಶಾಫ್ಟ್. ಅಲ್ಯೂಮಿನಿಯಂ ಹೆಚ್ಚಾಗಿ ಪಿಸ್ಟನ್. ಕ್ರೋಮಿಯಂ ರಿಂಗ್. ತಾಮ್ರ, ತವರ ಬೇರಿಂಗ್‌ಗಳಿಂದ, ಟರ್ಬೊದ ಬೇರಿಂಗ್ ಕೂಡ ಸೇರಿ. ಸೀಸ ಸೊನ್ನೆ ಇದೆ, ಬೇರಿಂಗ್ ಭದ್ರ ಅಂತ ಹಳೆಯ ಪಟ್ಟಿ ನೋಡಿ ಹೇಳುವವರಿದ್ದಾರೆ. ಈಗಿನ ಎಷ್ಟೋ ಬೇರಿಂಗ್‌ಗಳಲ್ಲಿ ಸೀಸವೇ ಇಲ್ಲ. ಇಲ್ಲದ್ದು ಎಲ್ಲಿಂದ ಬರಬೇಕು?

ಸಿಲಿಕಾನ್ ಜಾಸ್ತಿ ಬಂದಿದೆ. ಆಯಿಲ್ ಕಳಪೆನಾ?

ಆಯಿಲ್ ಅಲ್ಲ, ಧೂಳು. ಏರ್ ಫಿಲ್ಟರ್ ಸರಿಯಾಗಿ ಕೂತಿದೆಯಾ, ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪಿನ ಕ್ಲಾಂಪ್ ಸಡಿಲವಾಗಿದೆಯಾ ನೋಡಿ. ಟರ್ಬೊ ಗಾಳಿಯನ್ನು ಜೋರಾಗಿ ಎಳೆಯುತ್ತದೆ. ಸಣ್ಣ ಬಿರುಕು ಇದ್ದರೂ ಧೂಳು ಒಳಗೆ. ಸಿಲಿಕಾನ್ ಜೊತೆ ಕಬ್ಬಿಣ, ಅಲ್ಯೂಮಿನಿಯಂ ಕೂಡ ಏರಿದ್ದರೆ ಧೂಳು ಎಂಜಿನ್ನನ್ನು ಉಜ್ಜುತ್ತಿದೆ. ಸಿಲಿಕಾನ್ ಒಂದೇ ಏರಿದ್ದರೆ ಹೊಸ ಸಿಲಿಕೋನ್ ಪೈಪ್ ಹಾಕಿಸಿದ್ದೀರಾ, ಪೇಸ್ಟ್ ಹಚ್ಚಿಸಿದ್ದೀರಾ ನೆನಪು ಮಾಡಿಕೊಳ್ಳಿ.

ನಮ್ಮ ಕಡೆಯವರಿಗೆ ಒಂದು ತೊಡಕು ಇದೆ. ಸಂಡೂರು, ಹೊಸಪೇಟೆ ಕಡೆಯ ಕೆಂಪು ಧೂಳಿನಲ್ಲೇ ಕಬ್ಬಿಣ ಇದೆ. ಕರಾವಳಿಯ ಮುರಕಲ್ಲಿನ ಧೂಳಿನಲ್ಲಿ ಕಬ್ಬಿಣವೂ ಇದೆ, ಅಲ್ಯೂಮಿನಿಯಂ ಕೂಡ ಇದೆ. ಅಲ್ಲಿ ಓಡುವ ಕಾರಿನ ಆಯಿಲ್‌ನಲ್ಲಿ ಇವು ಕಂಡರೆ ಎಲ್ಲವೂ ಎಂಜಿನ್ ಸವೆದದ್ದೇ ಅಂತಲ್ಲ. ಏನೇ ಆದರೂ ಹುಡುಕಬೇಕಾದ ಜಾಗ ಒಂದೇ, ಗಾಳಿ ಒಳಬರುವ ದಾರಿ.

5ಡಬ್ಲ್ಯು-30 ಹಾಕಿದ್ದೆ. 100 ಡಿಗ್ರಿಯಲ್ಲಿ ವಿಸ್ಕಾಸಿಟಿ 8.9 ಬಂದಿದೆ. ಮೋಸದ ಆಯಿಲ್ ಕೊಟ್ಟಿದ್ದಾರಾ?

ಅನುಮಾನ ಬರುವುದು ಸಹಜ. ಆಯಿಲ್‌ಗಳ ಗ್ರೇಡ್ ನಿಗದಿ ಮಾಡುವ ಎಸ್‌ಎಇ ಸಂಸ್ಥೆಯ ನಿಯಮದಂತೆ 30 ಗ್ರೇಡಿನ ಹೊಸ ಆಯಿಲ್ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ (ವಿಸ್ಕಾಸಿಟಿಯ ಅಳತೆ) ಒಳಗಿರಬೇಕು. 8.9 ಅಂದರೆ ನಿಮ್ಮ 30 ಈಗ 20 ಆಗಿದೆ. ಆದರೆ ಕಾರಣ ಎರಡಿರಬಹುದು, ಅವೆರಡನ್ನೂ ಬೇರೆ ಮಾಡುವುದೇ ಈ ಟೆಸ್ಟಿನ ಅಸಲಿ ಉಪಯೋಗ.

ಒಂದು, ಇಂಧನ ಬೆರೆತು ತೆಳುವಾಗಿದೆ. ಹಾಗಿದ್ದರೆ ಫ್ಲ್ಯಾಶ್ ಪಾಯಿಂಟ್, ಅಂದರೆ ಆಯಿಲ್‌ನ ಆವಿಗೆ ಬೆಂಕಿ ತಾಗುವ ಉಷ್ಣತೆ, ಕೂಡ ಇಳಿದಿರುತ್ತದೆ. ಎರಡು, ಆಯಿಲ್‌ಗೆ ಹಾಕಿದ ಉದ್ದ ಸರಪಳಿಯ ಪಾಲಿಮರ್ ಗೇರು, ಚೈನುಗಳ ನಡುವೆ ಸಿಕ್ಕಿ ಕತ್ತರಿಸಿಹೋಗಿದೆ. ಆಗ ವಿಸ್ಕಾಸಿಟಿ ಇಳಿದಿದ್ದರೂ ಫ್ಲ್ಯಾಶ್ ಪಾಯಿಂಟ್ ಇದ್ದಲ್ಲೇ ಇರುತ್ತದೆ. ಮೊದಲನೆಯದು ಎಂಜಿನ್ ಮತ್ತು ಓಡಾಟದ ತಪ್ಪು. ಎಷ್ಟು ದುಬಾರಿ ಆಯಿಲ್ ಹಾಕಿದರೂ ಮತ್ತೆ ಆಗುತ್ತದೆ. ಎರಡನೆಯದು ಆಯಿಲ್‌ನದೇ ದೌರ್ಬಲ್ಯ. ಅಲ್ಲಿ ಬ್ರ್ಯಾಂಡ್ ಬದಲಾಯಿಸಿದರೆ ಫಲ ಉಂಟು.

ಇನ್ನೂ ಒಂದು ಮೋಸವಿದೆ. ಬಿಸಿಗೆ ಹಳಸಿದ ಆಯಿಲ್ ಮಂದವಾಗುತ್ತದೆ, ಪೆಟ್ರೋಲ್ ಅದನ್ನೇ ತೆಳು ಮಾಡುತ್ತದೆ. ಎರಡೂ ಒಟ್ಟಿಗೆ ಆದರೆ ನಂಬರ್ 10.8 ಅಂತ ಸುಂದರವಾಗಿ ಬಂದು ಕೂರುತ್ತದೆ. ಆಕ್ಸಿಡೇಷನ್ (ಆಯಿಲ್ ಹಳಸಿದ್ದರ ಅಳತೆ) ಮತ್ತು ಇಂಧನದ ಸಾಲು ನೋಡದೆ ವಿಸ್ಕಾಸಿಟಿಯನ್ನು ನಂಬಬೇಡಿ. ಟರ್ಬೊ ಪೆಟ್ರೋಲಿನಲ್ಲಿ ಈ ಜೋಡಿ ಅಪರೂಪವೇನಲ್ಲ.

ಪೆಟ್ರೋಲ್ ಎಷ್ಟು ಬೆರೆತರೆ ಭಯ ಪಡಬೇಕು?

ನೂರಕ್ಕೆ ಎರಡರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಐದು ದಾಟಿದರೆ ಬದಲಾವಣೆ ಬೇಗ ಮಾಡಿ, ಇಂಜೆಕ್ಟರ್ ಒಮ್ಮೆ ತೋರಿಸಿ. ನಡುವಿನದು ಓಡಾಟದ ಮೇಲೆ. ಲ್ಯಾಬ್ ಅದನ್ನು ಹೇಗೆ ಅಳೆಯಿತು ಅಂತ ಕೇಳಿ. ಫ್ಲ್ಯಾಶ್ ಪಾಯಿಂಟ್‌ನಿಂದ ಅಂದಾಜು ಮಾಡಿದ್ದಾದರೆ ಅದು ಅಂದಾಜೇ. ಆವಿ ಮಾಡಿ ಇಂಧನವನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾಡಿದ್ದರೆ ನಂಬಬಹುದು.

2018ರಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್ ಇದೇ ಕಾರಣಕ್ಕೆ ಸುದ್ದಿಯಾಯಿತು. ಚೀನಾದ ಚಳಿ ಪ್ರದೇಶಗಳಲ್ಲಿ, ಉತ್ತರ ಅಮೆರಿಕದಲ್ಲಿ ಆಯಿಲ್ ಮಟ್ಟ ಏರುತ್ತಿದೆ ಅಂತ ದೂರು ಬಂತು. ಚಳಿ, ಹತ್ತಿರದ ಓಡಾಟ, ಡೈರೆಕ್ಟ್ ಇಂಜೆಕ್ಷನ್: ಮೂರೂ ಸೇರಿದ್ದವು. ನಮ್ಮಲ್ಲಿ ಅಂಥ ಚಳಿ ಇಲ್ಲ. ಆದರೆ ಎರಡು ಕಿ.ಮೀ. ಓಡಿಸಿ ನಿಲ್ಲಿಸುವ ಚಟ ಇದೆ. ಇ20 ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅಷ್ಟೇ ಕೆಲಸಕ್ಕೆ ಸ್ವಲ್ಪ ಜಾಸ್ತಿ ಇಂಧನ ಹಾಯಿಸಬೇಕು. ಎಥೆನಾಲ್ 78 ಡಿಗ್ರಿಗೇ ಕುದಿಯುವುದರಿಂದ ಎಂಜಿನ್ ಚೆನ್ನಾಗಿ ಕಾದರೆ ಹೊರಟುಹೋಗುತ್ತದೆ. ಕಾಯದಿದ್ದರೆ ಅಲ್ಲೇ ಉಳಿಯುತ್ತದೆ.

ಟಿಬಿಎನ್ 3ಕ್ಕೆ ಇಳಿದಿದೆ. ಆಯಿಲ್ ಮುಗೀತಾ?

ಟಿಬಿಎನ್ ಅಂದರೆ ಆಮ್ಲವನ್ನು ತಟಸ್ಥ ಮಾಡಲು ಆಯಿಲ್‌ನಲ್ಲಿ ಉಳಿದಿರುವ ಬಲ. ಶುರುವಿನಲ್ಲಿ ಎಷ್ಟಿತ್ತು ಅನ್ನುವುದು ಮುಖ್ಯ. ಯುರೋಪಿನ ಗುಣಮಟ್ಟವಾದ ಎಸಿಇಎ ಪ್ರಕಾರ ಎ3/ಬಿ4 ವರ್ಗದ ಆಯಿಲ್ 10ರ ಮೇಲೆ ಶುರುವಾಗುತ್ತದೆ. ಡಿಪಿಎಫ್‌ಗೆ ಒಗ್ಗುವ ಸಿ3 ಆಯಿಲ್‌ಗೆ 6 ಇದ್ದರೂ ಸಾಕು. ಬಿಎಸ್6 ಇಂಧನದಲ್ಲಿ ಗಂಧಕ 10 ಪಿಪಿಎಂ ಮಾತ್ರ, ಹಾಗಾಗಿ ಆಮ್ಲವೂ ಮೊದಲಿನಷ್ಟು ಹುಟ್ಟುವುದಿಲ್ಲ. ಆಮ್ಲದ ಅಳತೆ ಟಿಎಎನ್ ಏರಿ ಟಿಬಿಎನ್ ಅನ್ನು ದಾಟಿದೆಯಾ ನೋಡಿ. ದಾಟಿದ್ದರೆ ಬದಲಾಯಿಸುವ ಹೊತ್ತು.

## ಆಯಿಲ್ ಆರಿಸುವಾಗ

ಎರಡು ಬ್ರ್ಯಾಂಡ್ ಹಾಕಿ ಟೆಸ್ಟ್ ಮಾಡಿಸಿದೆ. ಒಂದರಲ್ಲಿ ಕಬ್ಬಿಣ 11, ಇನ್ನೊಂದರಲ್ಲಿ 14. ಮೊದಲನೆಯದೇ ಒಳ್ಳೆಯದು, ಅಲ್ವಾ?

ಅಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ಜನರಿಗೆ ಬೇಜಾರು ಮಾಡುವ ಉತ್ತರವೂ ಇದೇ.

ಒಂದೇ ಬಾಟಲಿಯ ಆಯಿಲನ್ನು ಎರಡು ಸಲ ಅಳೆದರೂ ಒಂದೆರಡು ಪಿಪಿಎಂ ಆಚೀಚೆ ಆಗುತ್ತದೆ. ಮೊದಲ ಆಯಿಲ್ ಬೇಸಿಗೆಯಲ್ಲಿ ಓಡಿತು, ಎರಡನೆಯದು ಮಳೆಗಾಲದಲ್ಲಿ. ನಡುವೆ ಒಮ್ಮೆ ಚಾರ್ಮಾಡಿ ಘಾಟಿ ಹತ್ತಿದಿರಿ. ಎರಡನೆಯದರಲ್ಲಿ ಮೊದಲನೆಯದು ಸ್ವಲ್ಪ ಉಳಿದಿತ್ತು. ಹೊಸ ಬ್ರ್ಯಾಂಡಿನ ಕ್ಲೀನ್ ಮಾಡುವ ರಸಾಯನಗಳು ಹಳೆಯ ಕೊಳೆಯನ್ನು, ಅದರೊಳಗಿನ ಲೋಹವನ್ನು ಕಿತ್ತು ತಂದಿರಬಹುದು. ಬ್ರ್ಯಾಂಡ್ ಬದಲಾಯಿಸಿದಾಗ ಕೂಲರ್‌ನಿಂದ ತಾಮ್ರ ಹಠಾತ್ ಏರುವುದೂ ಇದೆ, ಅದು ಸವೆತವಲ್ಲ. ಇಷ್ಟೆಲ್ಲ ಗದ್ದಲದ ನಡುವೆ ಮೂರು ಪಿಪಿಎಂ ಹಿಡಿದು ಬ್ರ್ಯಾಂಡಿಗೆ ಪದಕ ಕೊಡಲಾಗುವುದಿಲ್ಲ.

ಆಯಿಲ್ ಟೆಸ್ಟ್ ಅಂದರೆ ಎಂಜಿನ್‌ನ ರಕ್ತ ಪರೀಕ್ಷೆ ಅಂತ ಎಲ್ಲರೂ ಹೋಲಿಸುತ್ತಾರಲ್ಲ, ಅದನ್ನೇ ಪೂರ್ತಿ ಹೋಲಿಸಿ. ಸಕ್ಕರೆ ಎಷ್ಟಿದೆ ಅಂತ ರಕ್ತ ಹೇಳುತ್ತದೆ. ಮೊನ್ನೆ ಉಂಡ ಅಕ್ಕಿ ಯಾವ ಅಂಗಡಿಯದು ಅಂತ ಹೇಳುವುದಿಲ್ಲ. ಲ್ಯಾಬ್ ರಿಪೋರ್ಟ್ ಹೇಳುವುದು ಇಷ್ಟು: ಈ ಕಾರಿಗೆ, ಈ ಓಡಾಟಕ್ಕೆ, ಈ ಗ್ರೇಡ್ ತಾಳಿಕೊಂಡಿದೆಯಾ, ಈ ಅವಧಿ ಸರಿಯಾ. ಎಂಜಿನ್ ಸವೆತ ಯಾವ ಆಯಿಲ್‌ನಲ್ಲಿ ಕಡಿಮೆ ಅಂತ ತೀರ್ಮಾನಿಸಲು ಎಂಜಿನ್ ಬಿಚ್ಚಿ ಅಳೆಯುವ ಟೆಸ್ಟ್‌ಗಳಿವೆ. ಡಬ್ಬದ ಹಿಂದೆ ಬರೆದಿರುವ ಎಪಿಐ (ಅಮೆರಿಕದ ಗುಣಮಟ್ಟ), ಎಸಿಇಎ, ಕಾರು ಕಂಪನಿಯ ಅಪ್ರೂವಲ್‌ಗಳು ಅಂಥ ಟೆಸ್ಟ್ ದಾಟಿ ಬಂದವು.

30ರಲ್ಲಿ ಆಯಿಲ್ ತೆಳುವಾಗ್ತಿದೆ ಅಂತ ರಿಪೋರ್ಟ್ ಹೇಳ್ತಿದೆ. 40 ಹಾಕಲಾ?

ಮೊದಲು ಮ್ಯಾನ್ಯುಯಲ್ ತೆಗೆಯಿರಿ. 40ಕ್ಕೆ ಒಪ್ಪಿಗೆ ಇದ್ದರೆ ಯೋಚಿಸಬಹುದು. ಆದರೆ ಅದಕ್ಕೂ ಮೊದಲು ನಿಮ್ಮದು ಯಾವ 30 ನೋಡಿ. ಟರ್ಬೊ ಬೇರಿಂಗಿಗೆ ಬೇಕಾಗುವುದು 150 ಡಿಗ್ರಿಯಲ್ಲಿ, ಜೋರು ಒತ್ತಡದಲ್ಲಿ ಆಯಿಲ್ ಎಷ್ಟು ನಿಲ್ಲುತ್ತದೆ ಅನ್ನುವುದು. ಇದಕ್ಕೆ ಎಚ್‌ಟಿಎಚ್‌ಎಸ್ ಅನ್ನುತ್ತಾರೆ. ಸಾಮಾನ್ಯ 30ಕ್ಕೆ 2.9 ಇದ್ದರೆ ಪಾಸು. ಸಿ3 ಅಂತ ಬರೆದಿರುವ 30ಕ್ಕೆ ಕನಿಷ್ಠ 3.5 ಬೇಕು, 5ಡಬ್ಲ್ಯು-40ಕ್ಕೂ ಅದೇ 3.5. ಡಬ್ಬದ ಮೇಲೆ ಎರಡೂ 5ಡಬ್ಲ್ಯು-30, ಒಳಗಿರುವುದು ಬೇರೆ ಬೇರೆ ಆಯಿಲ್. ಮಾಮೂಲಿ ಲ್ಯಾಬ್ ರಿಪೋರ್ಟ್ ಈ ನಂಬರನ್ನು ಕೊಡುವುದಿಲ್ಲ. ತೆಳುವಾಗಲು ಪೆಟ್ರೋಲ್ ಕಾರಣವಾಗಿದ್ದರೆ 40 ಹಾಕಿ ಪ್ಲಾಸ್ಟರ್ ಹಚ್ಚಿದಂತಾಗುತ್ತದೆ, ಗಾಯ ಹಾಗೇ ಇರುತ್ತದೆ. ಅವಧಿ ಕಡಿಮೆ ಮಾಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ.

ಹೊಸ ಆಯಿಲ್‌ನಲ್ಲಿ ಕ್ಯಾಲ್ಸಿಯಂ ಮೊದಲಿಗಿಂತ ಕಡಿಮೆ, ಮೆಗ್ನೀಸಿಯಂ ಇದೆ. ಕಂಪನಿಯವರು ಕಲಬೆರಕೆ ಮಾಡ್ತಿದ್ದಾರಾ?

ಬೇಕಂತಲೇ ಮಾಡಿದ ಬದಲಾವಣೆ, ನಿಮ್ಮ ಟರ್ಬೊಗಾಗಿಯೇ. ಡೈರೆಕ್ಟ್ ಇಂಜೆಕ್ಷನ್ ಟರ್ಬೊದಲ್ಲಿ 1,500 ಆರ್‌ಪಿಎಂನಂಥ ಕಡಿಮೆ ವೇಗದಲ್ಲಿ, ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ, ಕಿಡಿ ಹಾರುವ ಮೊದಲೇ ಒಳಗೆ ಬೆಂಕಿ ಹೊತ್ತಿಕೊಳ್ಳಬಹುದು. ಎಲ್‌ಎಸ್‌ಪಿಐ ಅಂತ ಹೆಸರು. ಜೋರಾದರೆ ಪಿಸ್ಟನ್ನೇ ಒಡೆಯುತ್ತದೆ. ಆಯಿಲ್‌ನಲ್ಲಿನ ಕ್ಯಾಲ್ಸಿಯಂ ಇದಕ್ಕೆ ಇಂಬು ಕೊಡುತ್ತದೆ, ಮೆಗ್ನೀಸಿಯಂ ಹಾಗೆ ಮಾಡುವುದಿಲ್ಲ ಅಂತ ಗೊತ್ತಾದ ಮೇಲೆ ಆಯಿಲ್‌ಗಳ ಅಡುಗೆ ಬದಲಾಯಿತು. 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರ ಮೇ ತಿಂಗಳಲ್ಲಿ ಎಸ್‌ಪಿ ಬಂದವು. ಟರ್ಬೊ ಪೆಟ್ರೋಲ್ ಕಾರಿಗೆ ಎಪಿಐ ನೋಡಿ ಆಯಿಲ್ ಕೊಳ್ಳುವುದಾದರೆ ಎಸ್‌ಪಿಗಿಂತ ಹಳೆಯದು ಬೇಡ. ಇದು ನಾನು ಬ್ರ್ಯಾಂಡಿಗಿಂತ ಮೊದಲು ನೋಡುವ ಎರಡು ಅಕ್ಷರ. ಎಲ್‌ಎಸ್‌ಪಿಐ ಆಗುತ್ತಿದೆಯಾ ಅಂತ ಲ್ಯಾಬ್ ರಿಪೋರ್ಟ್ ಹೇಳಲಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲು ನೋಡಿ ಡಬ್ಬದಲ್ಲಿ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆ ಇದೆಯಾ ಅಂತ ಮಾತ್ರ ನೋಡಬಹುದು.

ರಿಪೋರ್ಟ್ ಚೆನ್ನಾಗಿದೆ. 10,000ದ ಬದಲು 15,000ಕ್ಕೆ ಬದಲಾಯಿಸಬಹುದಾ?

ವಾರಂಟಿ ಇರುವವರೆಗೆ ಬೇಡ. ನಿಮ್ಮ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಸರ್ವಿಸ್ ಪುಸ್ತಕದಲ್ಲಿ ಸೀಲು ಇಲ್ಲದಿದ್ದರೆ ಮಾತು ನಡೆಯುವುದಿಲ್ಲ. ಆಮೇಲೂ ಒಂದೊಂದೇ ಸಾವಿರ ಏರಿಸಿ ನೋಡಬೇಕು. ನಿಜ ಹೇಳಬೇಕೆಂದರೆ ನಗರದ ಟರ್ಬೊ ಪೆಟ್ರೋಲ್ ಕಾರುಗಳಿಗೆ ರಿಪೋರ್ಟ್ ನೋಡಿ ನಾನು ಅವಧಿ ಇಳಿಸಿ ಅಂದದ್ದೇ ಜಾಸ್ತಿ.

ರಿಪೋರ್ಟ್ ಎಲ್ಲ ಚೆನ್ನಾಗಿತ್ತು. ಎರಡು ತಿಂಗಳಲ್ಲಿ ಟರ್ಬೊ ಹೋಯ್ತು. ಹಾಗಾದರೆ ಟೆಸ್ಟ್ ಸುಮ್ನೆನಾ?

ಸುಮ್ನೆ ಅಲ್ಲ, ಆದರೆ ಅದಕ್ಕೆ ಕಾಣದ ಜಾಗಗಳಿವೆ. ಸ್ಪೆಕ್ಟ್ರೋಮೀಟರ್‌ಗೆ ಐದರಿಂದ ಎಂಟು ಮೈಕ್ರಾನ್‌ಗಿಂತ ದೊಡ್ಡ ಚೂರುಗಳು ಸರಿಯಾಗಿ ಕಾಣುವುದಿಲ್ಲ. ಬೇರಿಂಗ್ ಪದರ ಕಿತ್ತು ಬರುವಾಗ ದೊಡ್ಡ ಚೂರುಗಳೇ ಬರುತ್ತವೆ, ಅವು ಫಿಲ್ಟರಿನಲ್ಲಿ ಕೂರುತ್ತವೆ. ಹಾಗಾಗಿ ಹಳೆಯ ಫಿಲ್ಟರನ್ನು ಎಸೆಯದೆ ಕೊಯ್ದು, ಮಡಿಕೆಗಳನ್ನು ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಚೂರು ಕಂಡರೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಅಂಟದೆ ಹಳದಿ ಹೊಳಪಿದ್ದರೆ ಬೇರಿಂಗ್.

ಎರಡನೆಯದು ಕರಕಲು. ಶಿರಾಡಿ ಹತ್ತಿಸಿ ಮೇಲೆ ಹೋಟೆಲ್ ಕಂಡ ಕೂಡಲೇ ಎಂಜಿನ್ ಆರಿಸಿದರೆ ಟರ್ಬೊದೊಳಗೆ ಆಯಿಲ್ ಹರಿವು ನಿಲ್ಲುತ್ತದೆ, ಬಿಸಿ ನಿಲ್ಲುವುದಿಲ್ಲ. ನಿಂತ ಆಯಿಲ್ ದೋಸೆ ಕಾವಲಿಯ ಮೇಲೆ ಬಿಟ್ಟ ಎಣ್ಣೆಯಂತೆ ಸುಟ್ಟು ಅಂಟುತ್ತದೆ. ಹೀಗೆ ಆಗಿ ಆಗಿ ಆಯಿಲ್ ಬರುವ ಸಣ್ಣ ಪೈಪೇ ಕಟ್ಟಿಕೊಳ್ಳುತ್ತದೆ. ಆ ಕರಕಲು ಪೈಪಿನಲ್ಲಿರುತ್ತದೆ, ಬಾಟಲಿಗೆ ಬರುವುದಿಲ್ಲ. ಚೇಂಬರಿನ ಆಯಿಲ್ ಮಾತ್ರ ಲ್ಯಾಬಿಗೆ ಹೋಗಿ ಒಳ್ಳೆಯ ಹೆಸರು ತರುತ್ತದೆ. ಹೊಸ ಕಾರುಗಳಲ್ಲಿ ಟರ್ಬೊಗೆ ನೀರಿನ ಕೂಲಿಂಗ್ ಇದೆ, ಎಂಜಿನ್ ಆರಿಸಿದ ಮೇಲೂ ಪಂಪ್ ಓಡುವ ಕಾರುಗಳೂ ಇವೆ. ಆದರೂ ನಾನು ಘಾಟಿ ಹತ್ತಿದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಡುತ್ತೇನೆ. ಹಿಂದಿನ ಸೀಟಿನವರು ಬೈಯುತ್ತಾರೆ, ಅಷ್ಟರಲ್ಲಿ ನಿಮಿಷ ಆಗಿರುತ್ತದೆ.